ಶರೀಫರ ಎರಡು ತತ್ತ್ವಪದಗಳೂ ಒಂದು ರಾಕ್ ಧ್ವನಿಮುದ್ರಿಕೆಯೂ

‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ವಾದ್ಯವೃಂದದ ಮೊದಲನೆಯ ಧ್ವನಿಮುದ್ರಿಕೆಯು 2008ರಲ್ಲಿ ಹೊರಬಂದಿತು. ಅದರಲ್ಲಿ ಹಿಂದಿಯ ಹಾಡುಗಳೇ ಹೆಚ್ಚು, ಇಂಗ್ಲಿಷಿನದೂ ಉಂಟು. ಇವುಗಳ ನಡುವೆ ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೊ’ ಎಂಬ ಎರಡು ಪದಗಳು ಸೇರಿರುವುವು. ಗಿಟಾರು, ಪಿಟೀಲು, ಡ್ರಮ್ಮುಗಳ ಮೇಳದಲ್ಲಿ ತತ್ತ್ವಪದವು ತತ್ತ್ವಪದವಾಗಿಯೇ ಉಳಿಯುವುದೋ ಎಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯವು.

ವಾದ್ಯಗಳು ಪರದೇಶದವೆಂಬ ಆಕ್ಷೇಪವು ನಿಲ್ಲತಕ್ಕುದಲ್ಲ. ಹಳ್ಳಿಯ ಭಜನೆಯ ಹಾರ್ಮೋನಿಯಮ್ಮೂ ಯುರೋಪಿನಿಂದಲೇ ಬಂದುದು. ಪಿಟೀಲನ್ನು ಕರ್ನಾಟಕ ಸಂಗೀತವು ಎಂದೋ ತನ್ನದಾಗಿಸಿಕೊಂಡಿರುವುದು. ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫರ (1819–1889) ಪದಗಳಿಗೆ ಮಡಿಯ ಬೇಲಿಯನ್ನು ಹಾಕುವುದೂ ಸೋಜಿಗವೇ ಸರಿ. ಸಿ. ಅಶ್ವತ್ಥರ ಸುಗಮಸಂಗೀತದಲ್ಲಿಯೂ, 1990ರ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರದಲ್ಲಿಯೂ ಈ ಪದಗಳು ಭಜನೆಯ ಮನೆಯಿಂದ ಹೊರಬಿದ್ದಾಗಿದ್ದಿತು. ಅಮೆರಿಕದ ಸಂತಾನಾ ವೃಂದವು ಟಿಟೊ ಪುವೆಂತೆಯ ಕುಣಿತದ ಹಾಡೊಂದನ್ನು 1970ರ ‘ಅಬ್ರಾಕ್ಸಸ್’ ಮುದ್ರಿಕೆಯಲ್ಲಿ ಗಿಟಾರಿಗೆ ಅಳವಡಿಸಿದುದು ಇದಕ್ಕೆ ಸಮೀಪದ ನಿದರ್ಶನವು. ಆದರೆ ಅಲ್ಲಿ ಕುಣಿತದ ಹಾಡು ಕುಣಿತಕ್ಕೇ ಸಂದಿತು. ಇಲ್ಲಿಯದು ಬೇರೆ, ತತ್ತ್ವಪದಕ್ಕೆ ಎರಡು ಅರ್ಥಗಳನ್ನು ಹೊರುವ ಭಾರವಿರುವುದು.

ಮಾಳಿಗೆಯ ಪದವನ್ನೇ ನೋಡಬಹುದು. ಮೈಸೂರಿನ ಕಡೆಯ ಕಿವಿಗೆ ಮಾಳಿಗೆಯೆಂದರೆ ಮಹಡಿ. ನವಲಗುಂದ ಸೀಮೆಯ ಮೊರಬದಂತಹ ಎರೆನೆಲದ ಊರುಗಳ ಹಳೆಯ ಮನೆಗಳಲ್ಲಿ ಅದು ಮಣ್ಣು ಮುಚ್ಚಿದ ಸಮತಟ್ಟಾದ ಮೇಲ್ಛಾವಣಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲುಜಂತಿ, ಅದರ ಮೇಲೆ ಹಾಸು, ಹಾಸಿನ ಮೇಲೆ ಮಣ್ಣು. ಮಳೆಗಾಲಕ್ಕೆ ಮುನ್ನ ಮೇಲೇರಿ ಬಿರುಕು ಮುಚ್ಚದಿದ್ದರೆ ನೀರು ಒಳಗಿಳಿದು ಜಂತಿಯು ಹುಳಿತು ಕೀಲು ಸಡಿಲುವುದು. ಶರೀಫರು ಈ ತೊಲೆ ಜಂತಿಗಳನ್ನೇ ಅವಯವಗಳಾಗಿ ಹಿಡಿದು ದೇಹಕ್ಕೆ ಸಾವಯವರೂಪಕವನ್ನು ಕಟ್ಟಿರುವರು. ಸೋರಿಕೆಗೆ ಕಾರಣವು ಅಜ್ಞಾನ. ಮನೆಯು ನಿಜವಾಗಿ ಸೋರಿದ ಹೊರತು ದೇಹವು ಸೋರುವುದಿಲ್ಲ. ವಾಚ್ಯವು ಗಟ್ಟಿಯಾಗಿ ನಿಂತಾಗಲೇ ವ್ಯಂಗ್ಯಕ್ಕೆ ನೆಲೆ ದೊರೆಯುವುದಷ್ಟೆ.

ಈ ದೃಷ್ಟಿಯಿಂದ ಮುದ್ರಿಕೆಯ ಗಾಯಕರು ಮಾಡಿದ ಒಂದು ಚಿಕ್ಕ ಕೆಲಸವು ಬಹಳ ದೊಡ್ಡದು. ಮೈಸೂರಿನಲ್ಲಿ ಬೆಳೆದವರಾದರೂ ಅವರು ‘ಮನೆ’, ‘ಮಾಳಿಗೆ’ ಎಂದು ತಿದ್ದದೆ, ಧಾರವಾಡದ ಬಾಯಿಯ ‘ಮನಿ’, ‘ಮಾಳಿಗಿ’ ರೂಪಗಳನ್ನೇ ಉಳಿಸಿಕೊಂಡಿರುವರು. ಪದಾಂತ್ಯದ ಎಕಾರವು ಇಕಾರವಾಗುವ ಈ ಉಚ್ಚಾರಣೆಯೊಡನೆ ಮಣ್ಣಿನ ಛಾವಣಿಯೂ ಹಾಡಿನೊಳಗೆ ಬರುವುದು. ಕ್ಷೇಮೇಂದ್ರನು ಹೇಳುವ ಔಚಿತ್ಯವೆಂದರೆ ಇಂಥದೇ. ಕಂಠವನ್ನು ಎತ್ತರಿಸಿದೆಡೆಯಲ್ಲಿಯೂ ಅದು ಮೆರೆತವಾಗದೆ ಮನೆಯೊಡೆಯನ ಮೊರೆಯಾಗಿ ಕೇಳಿಬರುವುದು. ಭಯವು ನಿರ್ವೇದಕ್ಕೆ ತಿರುಗಿ ಶಾಂತವು ಹತ್ತಿರವಾಗುವುದು.

ಗುಡುಗುಡಿಯ ಪದಕ್ಕೆ ಈ ಭಾಗ್ಯವು ಒದಗಿಲ್ಲ. ಮನಸ್ಸನ್ನು ಸಂಚಿಯನ್ನಾಗಿಯೂ ಮೋಹವನ್ನು ಕೊಚ್ಚಿ ಸುಡಬೇಕಾದ ಭಂಗಿಯನ್ನಾಗಿಯೂ ಮಾಡಿದ ಪದವಿದು. ಹೊಗೆಯಾಗಿ ಹೋಗಬೇಕಾದುದು ಒಡಲಿನ ರೋಗ. ಮುದ್ರಿಕೆಯ ಲಯವಾದರೋ ಕುಣಿತಕ್ಕೆ ಕರೆಯುವುದು. ಲಯವು ಚೆಲುವಾಗಿದೆ, ಅದೇ ತೊಡಕು. ಕೇಳುವವನು ಹೊಗೆಯ ಸುಖದಲ್ಲಿಯೇ ನಿಂತು, ಸುಡುತ್ತಿರುವುದು ಯಾವುದೆಂದು ಕೇಳದೆ ಹೋಗುವನು. ಭಜನೆಯಲ್ಲಿ ಒಬ್ಬನು ನುಡಿದುದನ್ನು ಮೇಳವು ಮರಳಿ ನುಡಿಯುವುದರಿಂದ ಪ್ರತಿಯೊಂದು ಚರಣವೂ ಎರಡು ಸಲ ಕಿವಿಗೆ ಬೀಳುವುದು. ಇಲ್ಲಿ ಮರುನುಡಿಯುವ ಕೆಲಸವನ್ನು ವಾದ್ಯಗಳು ವಹಿಸಿಕೊಂಡಿವೆ. ವಾದ್ಯವು ಸ್ವರವನ್ನು ಹಿಂದಿರುಗಿಸಬಲ್ಲುದು, ಪದವನ್ನಲ್ಲ. ಮಾಳಿಗೆಯ ಪದದಲ್ಲಿ ಈ ನಷ್ಟವು ತಿಳಿಯದು, ಅಲ್ಲಿ ಪಲ್ಲವಿಯೊಂದೇ ರೂಪಕದ ಅರ್ಧವನ್ನು ಹೇಳಿಬಿಡುವುದು. ಗುಡುಗುಡಿಯ ಪಲ್ಲವಿಯು ಬರಿಯ ಆಹ್ವಾನ, ಅರ್ಥವೆಲ್ಲ ಚರಣಗಳಲ್ಲಿರುವುದು.

ಕನ್ನಡವನ್ನರಿಯದ ದೇಶಗಳಲ್ಲಿಯೂ ಈ ವೃಂದಕ್ಕೆ ಮನ್ನಣೆ ದೊರೆತು, 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಪ್ರಶಸ್ತಿಯು ಸಂದುದು ಸಂತೋಷದ ಮಾತೇ. ಆ ಕೇಳುಗರಿಗೆ ನಾದವೇ ಸಾಕಾಗಿರಬಹುದು. ಕನ್ನಡದ ತರಗತಿಯಲ್ಲಿ ಇದನ್ನು ಕೇಳಿಸುವ ಉಪಾಧ್ಯಾಯರು ಮಾಳಿಗೆಯ ಪದಕ್ಕೆ ಮುಂಚೆ ಜಂತಿಯೆಂದರೇನೆಂದು ಹಲಗೆಯ ಮೇಲೆ ಬರೆದು ತೋರಿಸಿದರೆ ಸಾಕು. ಗುಡುಗುಡಿಯದನ್ನು ಮಾತ್ರ ಮೊದಲು ಚರಣಚರಣವಾಗಿ ಓದಿಸಿ, ಆಮೇಲೆ ಕೇಳಿಸುವುದು ಲೇಸು.