ಹೋದದ್ದು ಯಾರ ಮಾನ?

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಬೈಗುಳ, ಗಾಜಿನ ಲೋಟ ಒಡೆದರೆ ಬೆನ್ನಿಗೆ ಒಂದು ಗುದ್ದು. ಆದರೆ ‘ಮಾನ ಹೋಯಿತು’ ಎಂಬ ಮಾತು ಬಂದರೆ ಬೈಗುಳವೂ ಇಲ್ಲ, ಗುದ್ದೂ ಇಲ್ಲ. ಇಡೀ ಮನೆಯೇ ಮೌನ. ಅದು ಎಲ್ಲಕ್ಕಿಂತ ದೊಡ್ಡ ನಷ್ಟವೆಂದು ನನಗೆ ತಿಳಿದದ್ದು ಆ ಮೌನದಿಂದ.

ಕನ್ನಡದಲ್ಲಿ ನಾಚುವುದಕ್ಕೆ ಮಾತಿನ ಬರವಿಲ್ಲ. ಹೆಣ್ಣು ನೋಡಲು ಬಂದವರೆದುರು ಕಾಫಿ ತಟ್ಟೆ ಹಿಡಿದು ನಿಂತವಳದು ನಾಚಿಕೆ; ಅದೇ ಪದ್ಯದಲ್ಲಿ ಬಂದರೆ ಲಜ್ಜೆ. ನಾಲ್ಕು ಜನರೆದುರು ಬೈಸಿಕೊಂಡರೆ ಅವಮಾನ. ನಾಚಿಕೆ ‘ಆಗುತ್ತದೆ’, ಸ್ವಲ್ಪ ಹೊತ್ತಿಗೆ ಕಳೆಯುತ್ತದೆ. ಮಾನ ಹಾಗಲ್ಲ, ಅದು ‘ಹೋಗುತ್ತದೆ’. ಹೋದದ್ದು ತಿರುಗಿ ಬಂದಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮಾನವೆಂದರೆ ಅಳತೆ, ಗೌರವ. ಉಷ್ಣಮಾನದಲ್ಲೂ ಸನ್ಮಾನದಲ್ಲೂ ಇರುವುದು ಅದೇ. ಜೊತೆಗೆ ಅದು ಮೈಯೂ ಹೌದು. ‘ಮಾನ ಮುಚ್ಚಲು ಒಂದು ಬಟ್ಟೆ’ ಎನ್ನುತ್ತೇವಲ್ಲ. ಹನ್ನೆರಡನೆಯ ಶತಮಾನದಲ್ಲೇ ಅಕ್ಕಮಹಾದೇವಿ, ಎಲ್ಲೆಲ್ಲೂ ಇರುವ ದೇವರೆದುರು ಮುಚ್ಚಿಕೊಳ್ಳುವುದೇನೆಂದು ಈ ಮಾನವನ್ನೇ ಪ್ರಶ್ನಿಸಿದಳು. ನಾವು ಅವಳನ್ನು ಪೂಜಿಸಿದೆವು, ಪ್ರಶ್ನೆಯನ್ನು ಬದಿಗಿಟ್ಟೆವು. ಮನೆತನದ ಗೌರವವನ್ನೆಲ್ಲ ತಂದು ಹೆಣ್ಣಿನ ಮೈಯಲ್ಲೇ ಇಟ್ಟೆವು.

‘ಮಾನಭಂಗ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಪತ್ರಿಕೆಗಳು ಬಹುಕಾಲ ಇದನ್ನೇ ಬರೆದವು. ಮಾಡಿದವನು ಅವನು, ಮುರಿದದ್ದು ಇವಳ ಮಾನ! ಕಾನೂನೂ ಹಾಗೆಯೇ. 1860ರ ದಂಡ ಸಂಹಿತೆಯ 354ನೆಯ ಕಲಮಿನಲ್ಲಿದ್ದ ಹೆಣ್ಣಿನ ‘ಮಾಡೆಸ್ಟಿ’ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿಗೆ ಬಂದು ಕೂತಿದೆ. ಸಂಖ್ಯೆ ಬದಲಾಯಿತು, ಮಾತು ಬದಲಾಗಲಿಲ್ಲ. ಈಗ ಪತ್ರಿಕೆಗಳಲ್ಲಿ ‘ಲೈಂಗಿಕ ದೌರ್ಜನ್ಯ’ ಎಂದು ಓದಿದಾಗ ನನಗೆ ಸಮಾಧಾನ. ಮಾತು ಒರಟಾದರೂ ತಪ್ಪು ಯಾರದೆಂದು ಅದು ಹೇಳುತ್ತದೆ.

ಹದಿಮೂರರ ವಯಸ್ಸಿನಲ್ಲಿ ಬಸ್ಸಿನ ನೂಕುನುಗ್ಗಲಲ್ಲಿ ಒಬ್ಬ ನನ್ನ ಮೈಮೇಲೆ ಕೈಹಾಕಿದ್ದ. ಅಳುತ್ತಾ ಮನೆಗೆ ಬಂದೆ. ಅಮ್ಮ ಬಾಗಿಲು ಮುಂದೆ ಮಾಡಿ, “ಯಾರ ಹತ್ರಾನೂ ಹೇಳ್ಬೇಡ ಕಣೇ, ಮಾನ ಹೋಗುತ್ತೆ” ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳಿಗೂ ಅವಳಮ್ಮ ಹೀಗೇ ಹೇಳಿರಬೇಕೆಂದು ಆಗ ಹೊಳೆಯಲಿಲ್ಲ.

ಮೊನ್ನೆ ಬಸ್ಸಿನಲ್ಲಿ ನನ್ನ ಮಗಳು ಅಂಥ ಒಬ್ಬನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂಗಿದಳು. ಬಸ್ಸು ನಿಂತಿತು. ಎಲ್ಲರೂ ನಮ್ಮತ್ತ ತಿರುಗಿದರು. ಇಷ್ಟೆಲ್ಲ ಯೋಚಿಸಿರುವ ನನ್ನ ಬಾಯಿಂದಲೇ “ಮೆಲ್ಲಗೆ ಮಾತಾಡೇ, ಮಾನ...” ಎಂದು ಬಂದುಬಿಟ್ಟಿತು.

“ಯಾರ ಮಾನ ಅಮ್ಮಾ?” ಎಂದಳು ಅವಳು, ಹಿಡಿದ ಕೈ ಬಿಡದೆ.

ಕನ್ನಡದಲ್ಲಿ ‘ಮಾನಗೇಡಿ’ ಎಂಬ ಮಾತಿದೆ. ಅದನ್ನು ನಾವು ಗಟ್ಟಿಯಾಗಿ ನಕ್ಕ ಹುಡುಗಿಗೆ, ತಡವಾಗಿ ಮನೆಗೆ ಬಂದ ಸೊಸೆಗೆ ಖರ್ಚು ಮಾಡಿದ್ದೇವೆ. ಅದು ನಿಜವಾಗಿ ಸಲ್ಲಬೇಕಾದವನು ಅಂದು ಬಸ್ಸಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ನನ್ನ ಮಗಳ ತಲೆ ಎತ್ತಿಯೇ ಇತ್ತು. ನಾನೂ ಸಾವಕಾಶವಾಗಿ ತಲೆ ಎತ್ತಿದೆ.