ರಾಜ್ಯಶಾಸ್ತ್ರದ ವಿದ್ಯಾರ್ಥಿಗೊಂದು ಹಳೆಯ ಪುಸ್ತಕ

ನಮ್ಮ ಸಂಸಾರಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಎರಡೇ ದಾರಿ ಎಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಒಂದು ಇಂಜಿನಿಯರಿಂಗ್, ಇನ್ನೊಂದು ಬಿ.ಕಾಂ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ದಿಲ್ಲಿಗೆ ಬಂದವರ ಈ ಲೆಕ್ಕಾಚಾರವನ್ನು ನಾನು ಆಕ್ಷೇಪಿಸಲಾರೆ. ನಾನೂ ಅದೇ ಲೆಕ್ಕ ಹಾಕಿ ಮಕ್ಕಳನ್ನು ಓದಿಸಿದವನು. ಹೀಗಿರುವಾಗ ನನ್ನ ಮೊಮ್ಮಗಳು ರಾಜ್ಯಶಾಸ್ತ್ರದ ಬಿ.ಎ. ಆನರ್ಸ್ ಸೇರುತ್ತೇನೆಂದಾಗ ಮನೆಯಲ್ಲಿ ಎರಡು ದಿನ ಯಾರ ಮುಖದಲ್ಲೂ ನಗೆಯಿರಲಿಲ್ಲ. "ರಾಜಕೀಯ ಓದಿ ಏನು ಮಾಡುತ್ತಾಳೆ, ಚುನಾವಣೆಗೆ ನಿಲ್ಲುತ್ತಾಳೆಯೇ?" ಎಂದು ಅವಳ ತಂದೆ ಕೇಳಿದ. ಅವಳು ಸೇರಿಯೇ ಸೇರಿದಳು.

ಎರಡನೆಯ ವರ್ಷದಲ್ಲಿ ಒಂದು ಸಂಜೆ, ಗ್ರಂಥಾಲಯದಿಂದ ತಂದ ದಪ್ಪನೆಯ ಪುಸ್ತಕವೊಂದನ್ನು ನನ್ನ ಮುಂದಿಟ್ಟು, "ತಾತ, ನಿಮ್ಮ ಊರಿನಲ್ಲಿ ಯಾವ ಜಾತಿಯವರು ಹೆಚ್ಚು? ಯಾರು ಹೇಳಿದರೆ ಊರು ಓಟು ಹಾಕುತ್ತಿತ್ತು?" ಎಂದು ಕೇಳಿದಳು. ಉತ್ತರ ನನಗೆ ತಿಳಿದಿತ್ತು, ಬಾಯಿಗೆ ಬರಲಿಲ್ಲ. "ನಮ್ಮ ಮನೆಯಲ್ಲಿ ಜಾತಿಗೀತಿ ಇಲ್ಲ" ಎಂದು ಐವತ್ತು ವರ್ಷ ಹೇಳಿಕೊಂಡು ಬಂದವನಿಗೆ ಅದು ಸುಲಭದ ಪ್ರಶ್ನೆಯಲ್ಲ. ಮಾತು ಮರೆಸಿ ಪುಸ್ತಕ ಕೈಗೆತ್ತಿಕೊಂಡೆ. ಆಮೇಲೆ ಹದಿನೈದು ದಿನ ಅದು ನನ್ನ ಕೈಬಿಡಲಿಲ್ಲ.

ಆ ಪುಸ್ತಕ ರಜನಿ ಕೋಠಾರಿಯವರ 'ಪಾಲಿಟಿಕ್ಸ್ ಇನ್ ಇಂಡಿಯಾ'. ಪ್ರಕಟವಾದದ್ದು 1970ರಲ್ಲಿ. ಗುಜರಾತಿ ಮನೆತನದವರಾದ ಕೋಠಾರಿಯವರು ಬರೋಡದಲ್ಲಿ ಪಾಠ ಹೇಳಿ, 1963ರಲ್ಲಿ ದಿಲ್ಲಿಯಲ್ಲಿ ಸಮಾಜಗಳ ಅಭಿವೃದ್ಧಿಯನ್ನು ಅಭ್ಯಸಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು. ಭಾರತದ ರಾಜಕೀಯವನ್ನು ಸಂವಿಧಾನದ ವಿಧಿಗಳ ಪಟ್ಟಿಯಾಗಿ ಓದುತ್ತಿದ್ದ ಕಾಲದಲ್ಲಿ, ಅದನ್ನು ನಡೆದಾಡುವ ಮನುಷ್ಯರ ವ್ಯವಹಾರವಾಗಿ ನೋಡಬೇಕೆಂದು ಹಟ ಹಿಡಿದವರಲ್ಲಿ ಅವರು ಪ್ರಮುಖರು. ಅವರು 2015ರಲ್ಲಿ ತೀರಿಕೊಂಡರು.

ಪುಸ್ತಕದ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ಮೊದಲನೆಯದು, 1964ರ ಲೇಖನವೊಂದರಲ್ಲೇ ಅವರು ಮಂಡಿಸಿದ್ದ 'ಕಾಂಗ್ರೆಸ್ ವ್ಯವಸ್ಥೆ'ಯ ವಿಚಾರ. 1952ರಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತ ಸುಮಾರು ಶೇಕಡಾ 45, ಗೆದ್ದ ಸ್ಥಾನ 489ರಲ್ಲಿ 364. ಇಷ್ಟು ದೊಡ್ಡ ಪಕ್ಷ ಎದುರಾಳಿಯೇ ಇಲ್ಲದೆ ಆಳಿದರೂ ಅದು ಸರ್ವಾಧಿಕಾರವಾಗಲಿಲ್ಲ. ಏಕೆಂದರೆ ವಿರೋಧವೆಲ್ಲ ಪಕ್ಷದ ಒಳಗೇ ಬಣಗಳಾಗಿ ಕೂತಿತ್ತು. ಹೊರಗಿನ ಸಣ್ಣ ಪಕ್ಷಗಳು ಆ ಬಣಗಳ ಮೂಲಕವೇ ಒತ್ತಡ ಹೇರುತ್ತಿದ್ದವು. ಎರಡನೆಯದು ಜಾತಿಯ ವಿಚಾರ. ಜಾತಿ ರಾಜಕೀಯವನ್ನು ಕೆಡಿಸಿತೆಂದು ಎಲ್ಲರೂ ಹಲುಬುತ್ತಿದ್ದಾಗ, ರಾಜಕೀಯವೂ ಜಾತಿಯನ್ನು ಹಿಡಿದು ಬದಲಾಯಿಸುತ್ತಿದೆಯಲ್ಲ ಎಂದು ಕೋಠಾರಿಯವರು ತಿರುಗಿ ಕೇಳಿದರು. ಓಟು ಬೇಕಾದವನು ಜನ ಇರುವ ಕಡೆಗೇ ಹೋಗಬೇಕು. ಜನ ಇರುವುದು ಜಾತಿಗಳಲ್ಲಿ.

ಬಣಗಳ ವಿಚಾರ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಸಂಘದ ಕಾರ್ಯಕಾರಿ ಸಮಿತಿಯ ಚುನಾವಣೆಗಳನ್ನು ಕಂಡವರು ಯಾರೂ ಇದನ್ನು ಅಲ್ಲಗಳೆಯಲಾರರು. ಸೋತ ಗುಂಪಿನ ಹಿರಿಯರನ್ನು ರಾಜ್ಯೋತ್ಸವ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿ ಸಮಾಧಾನಪಡಿಸುತ್ತೇವೆ. ಮುಂದಿನ ಸಲ ಅವರೇ ಗೆಲ್ಲುತ್ತಾರೆ. ಹೊರಗೆ ಹೋಗಿ ಬೇರೆ ಸಂಘ ಕಟ್ಟುವುದಕ್ಕಿಂತ ಒಳಗಿದ್ದು ಜಗಳವಾಡುವುದೇ ಲಾಭವೆಂದು ಎಲ್ಲರಿಗೂ ಗೊತ್ತು. ಇನ್ನು ಓಟುಗಳನ್ನು ಯಾವ ಲೆಕ್ಕದಲ್ಲಿ ಎಣಿಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ; ಪ್ರತಿಯೊಬ್ಬರೂ ತಮ್ಮ ಎದೆ ಮುಟ್ಟಿ ನೋಡಿಕೊಂಡರೆ ಸಾಕು.

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳಬೇಕು. ಪುಸ್ತಕದ ಇಂಗ್ಲಿಷು ಕಗ್ಗಂಟು. ಅಮೆರಿಕದ ಪ್ರಕಾಶಕರ ದೇಶಾಧ್ಯಯನ ಮಾಲೆಗಾಗಿ ಬರೆದದ್ದರಿಂದ ಅಲ್ಲಿನ ಆಗಿನ ಪಂಡಿತರ ಪರಿಭಾಷೆ ಪುಟಪುಟದಲ್ಲೂ ತುಂಬಿಕೊಂಡಿದೆ. ಹತ್ತೊಂಬತ್ತು ವರ್ಷದ ಹುಡುಗಿ ಅದನ್ನು ಜಗಿದು ನುಂಗುವುದು ಕಷ್ಟ.

ಇದಕ್ಕಿಂತ ದೊಡ್ಡ ದೋಷ ನೋಟದಲ್ಲಿದೆ. ಒಮ್ಮತ, ಹೊಂದಾಣಿಕೆ ಎನ್ನುವಾಗ ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರು ಯಾರು, ಬಾಗಿಲ ಹೊರಗೆ ನಿಂತವರು ಯಾರು ಎಂಬ ಪ್ರಶ್ನೆಗೆ ಪುಸ್ತಕ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ. ನಮ್ಮ ನಾಡನ್ನೇ ನೋಡಿ. 1956ರಿಂದ 1971ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದವರೆಲ್ಲ ಒಂದೇ ಸಮುದಾಯದವರು. ಬಣಗಳಿದ್ದವು, ಹೊಂದಾಣಿಕೆಯಿತ್ತು, ಎಲ್ಲವೂ ಕೋಠಾರಿಯವರು ಹೇಳಿದಂತೆಯೇ ಇತ್ತು. ಆದರೆ ಬಣ ಕಟ್ಟುವ ಶಕ್ತಿಯೇ ಇಲ್ಲದ ಹತ್ತಾರು ಸಣ್ಣ ಜಾತಿಗಳಿಗೆ ಆ ವ್ಯವಸ್ಥೆಯಲ್ಲಿ ಸಿಕ್ಕ ಪಾಲೆಷ್ಟು? 1972ರಲ್ಲಿ ದೇವರಾಜ ಅರಸರು ಬಂದು ಹಾವನೂರು ಆಯೋಗವನ್ನು ನೇಮಿಸಿ, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದ ಮೇಲಷ್ಟೆ ಆ ಪ್ರಶ್ನೆ ಗಟ್ಟಿಯಾಗಿ ಕೇಳಿಸಿತು. 1977ರಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ದಕ್ಷಿಣದ ಬೇರೆ ರಾಜ್ಯಗಳಲ್ಲೂ ಗಾಳಿ ಹಾಗೆಯೇ ಇತ್ತೆಂಬುದು ನಿಜ. ಆದರೂ ಅರಸರ ಕೆಲಸವನ್ನು ಬಿಟ್ಟು ಆ ಫಲಿತಾಂಶವನ್ನು ಪೂರ್ತಿ ವಿವರಿಸಲಾಗದು.

ಇಲ್ಲಿ ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಕೂತು, ಸಂಖ್ಯೆಯೂ ಜಮೀನೂ ಇರುವ ಜಾತಿ ಊರನ್ನು ಹೇಗೆ ಆಳುತ್ತದೆಂದು ಕಣ್ಣಾರೆ ಕಂಡರು. 'ಪ್ರಬಲ ಜಾತಿ' ಎಂಬ ಅವರ ಪರಿಕಲ್ಪನೆ ಹುಟ್ಟಿದ್ದು ಆ ಹಳ್ಳಿಯ ಜಗಲಿಯಿಂದ. ಮುಂದೆ 1959ರಲ್ಲಿ ಇದೇ ದಿಲ್ಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದವರೂ ಅವರೇ. ಕೋಠಾರಿಯವರು ಗೋಪುರ ಹತ್ತಿ ದೇಶವನ್ನು ನೋಡಿದರೆ ಶ್ರೀನಿವಾಸರು ಹಜಾರದಲ್ಲಿ ಕೂತು ಊರನ್ನು ನೋಡಿದರು. ವಿದ್ಯಾರ್ಥಿಗೆ ಎರಡೂ ಬೇಕು.

ಕೋಠಾರಿಯವರ ದೊಡ್ಡತನವೆಂದರೆ ತಮ್ಮ ಪುಸ್ತಕವನ್ನು ತಾವೇ ಪ್ರಶ್ನಿಸಿದ್ದು. 1975ರ ತುರ್ತು ಪರಿಸ್ಥಿತಿಯ ಅನಂತರ, ತಾವು ನಂಬಿದ್ದ ಸಂಸ್ಥೆಗಳು ಎಷ್ಟು ಬೇಗ ಬಗ್ಗಿದವೆಂಬುದನ್ನು ಕಂಡು ಅವರು ನಾಗರಿಕ ಹಕ್ಕುಗಳ ಚಳವಳಿಗೆ ಇಳಿದರು. 1988ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸ್ಟೇಟ್ ಅಗೇನ್‌ಸ್ಟ್ ಡೆಮಾಕ್ರಸಿ'. ಪ್ರಭುತ್ವವೇ ಪ್ರಜಾಪ್ರಭುತ್ವಕ್ಕೆ ಎದುರಾಗಿ ನಿಂತಿದೆ ಎಂಬ ಮಾತನ್ನು 1970ರ ಕೋಠಾರಿ ಬರೆಯುತ್ತಿರಲಿಲ್ಲ.

ನನ್ನ ತಕರಾರು ಇರುವುದು ಇದನ್ನು ಕಲಿಸುವ ರೀತಿಯ ಬಗ್ಗೆ. ಮೊಮ್ಮಗಳ ಸಹಪಾಠಿಗಳಲ್ಲಿ ಹಲವರು ಮೂಲ ಪುಸ್ತಕವನ್ನು ಮುಟ್ಟಿಯೇ ಇಲ್ಲವಂತೆ. ಫೋಟೋಕಾಪಿ ಅಂಗಡಿಯ ನೋಟ್ಸಿನಲ್ಲಿ 'ಕಾಂಗ್ರೆಸ್ ವ್ಯವಸ್ಥೆಯ ಐದು ಲಕ್ಷಣಗಳು' ಎಂದು ಅಚ್ಚುಕಟ್ಟಾಗಿ ಇರುತ್ತದೆ. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಬರೆದವನೇ ಬದಲಾಯಿಸಿಕೊಂಡ ಅಭಿಪ್ರಾಯವನ್ನು ಮಕ್ಕಳು ಕಲ್ಲಿನ ಶಾಸನದಂತೆ ಒಪ್ಪಿಸಿ ಪದವಿ ಪಡೆದರೆ, ಅವರು ಓದಿದ್ದು ರಾಜ್ಯಶಾಸ್ತ್ರವೆಂದು ಹೇಗೆ ಹೇಳುವುದು? ಅಂಥ ಓದಿಗಿಂತ ಬಿ.ಕಾಂ. ಮೇಲು ಎಂಬ ನನ್ನ ಮಗನ ಮಾತಿಗೆ ನಾನೂ ತಲೆದೂಗುತ್ತೇನೆ.

ಈ ಪದವಿಯಿಂದ ಉದ್ಯೋಗವಿಲ್ಲ ಎಂಬ ಭಯ ಮಾತ್ರ ಪೂರ್ತಿ ಸರಿಯಲ್ಲ. ಕಾನೂನು, ಪತ್ರಿಕೋದ್ಯಮ, ಅಧ್ಯಾಪನ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ, ಹೀಗೆ ಬಾಗಿಲುಗಳು ಹಲವಿವೆ. ಆದರೆ ತಟ್ಟಿದ ಕೂಡಲೇ ತೆರೆಯುವ ಬಾಗಿಲು ಇವುಗಳಲ್ಲಿ ಒಂದೂ ಇಲ್ಲ. ಓದುಗ ಬಂಧುಗಳು ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳಬೇಕು. ಹೇಳಿದ ಮೇಲೂ ಅವರು ಇದನ್ನೇ ಓದುತ್ತೇವೆಂದರೆ ತಡೆಯಬಾರದು. ಜೊತೆಗೆ ಮೂಲ ಪುಸ್ತಕಗಳನ್ನು ಓದಿಸಬೇಕು, ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು.

ಪುಸ್ತಕ ಮುಗಿದ ದಿನ ಮೊಮ್ಮಗಳನ್ನು ಕರೆದು ಕೂರಿಸಿಕೊಂಡೆ. ನಮ್ಮೂರಿನ ಕೆರೆ ಕೆಳಗಿನ ಗದ್ದೆ ಯಾರದು, ಊರ ಹೊರಗಿನ ಕೇರಿಯಲ್ಲಿ ಯಾರಿದ್ದರು, ಚುನಾವಣೆಯ ಹಿಂದಿನ ರಾತ್ರಿ ಯಾರ ಮನೆಯ ಜಗಲಿಯಲ್ಲಿ ತೀರ್ಮಾನವಾಗುತ್ತಿತ್ತು, ಆ ಜಗಲಿಯ ಮೇಲೆ ನಮ್ಮ ತಂದೆಯವರು ಎಲ್ಲಿ ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲಬೇಕಾಗಿತ್ತು, ಎಲ್ಲವನ್ನೂ ಹೇಳಿದೆ. ಅವಳು ಬರೆದುಕೊಂಡಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳ ತಂದೆ, "ಅಪ್ಪಾ, ಇದನ್ನೆಲ್ಲ ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ" ಎಂದ.

ನಿಜ, ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ, ಅವನು ಓದಿದ್ದು ಇಂಜಿನಿಯರಿಂಗ್.