ದೊರೆಯ ಸಾಲ, ಬಡವಿಯ ರಾತ್ರಿ

ವಿನ್‌ಸ್ಟನ್ ಚರ್ಚಿಲ್ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಕಥೆಯನ್ನು ಕೇಳದವರು ಕಡಿಮೆ. 1899ರ ಜೂನ್ 1ರ ಕ್ಲಬ್ಬಿನ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಆತನ ಹೆಸರಿದೆ. ನಮ್ಮ ಚನ್ನರಾಯನದುರ್ಗದಲ್ಲಿ ಯಾರಾದರೂ ಶೆಟ್ಟರ ಅಂಗಡಿಗೆ ಬಾಕಿ ಇಟ್ಟು ಊರು ಬಿಟ್ಟರೆ ಮೂರು ತಲೆಮಾರು ಆಡಿಕೊಳ್ಳುತ್ತೇವೆ. ದೊರೆಯ ಸಾಲವಾದರೆ ಅದೂ ನಮಗೊಂದು ಹೆಮ್ಮೆ!

ಈ ಹೆಮ್ಮೆ ಎಂಥದೆಂದು ತಿಳಿಯಲು ಚರ್ಚಿಲ್ಲನ ‘ಮೈ ಅರ್ಲಿ ಲೈಫ್’ (1930) ಪುಸ್ತಕದಲ್ಲಿ ಬೆಂಗಳೂರಿನ ಭಾಗವನ್ನು ಓದಬೇಕು. 1896ರಲ್ಲಿ ಕುದುರೆದಳದ ಅಧಿಕಾರಿಯಾಗಿ ಆತ ಇಲ್ಲಿಗೆ ಬಂದಾಗ ವಯಸ್ಸು 21. ಮೂವರು ಗೆಳೆಯರು ಸೇರಿ ಒಂದು ಬಂಗಲೆ ಹಿಡಿದರು. ಬೆಳಿಗ್ಗೆ ಕವಾಯತು, ಸಂಜೆ ಪೋಲೋ, ರಾತ್ರಿ ಎಂಟೂವರೆಗೆ ಬ್ಯಾಂಡಿನ ಸಂಗೀತ ಕೇಳುತ್ತಾ ಊಟ, ಗ್ಲಾಸಿನಲ್ಲಿ ಮಂಜುಗಡ್ಡೆಯ ಸದ್ದು, ಆಮೇಲೆ ಬೆಳದಿಂಗಳಲ್ಲಿ ಕುಳಿತು ಹೊಗೆ ಸೇದುವುದು, ಹತ್ತೂವರೆ ಹನ್ನೊಂದಕ್ಕೆ ನಿದ್ದೆ. ಬರವಣಿಗೆ ಸೊಗಸಾಗಿದೆ, ತನ್ನನ್ನೇ ನೋಡಿ ನಗುವ ಗುಣವೂ ಇದೆ. ಆದರೆ ಆ ಮಂಜುಗಡ್ಡೆ ತಂದವರು ಯಾರು, ಆ ದೀಪ ಹಚ್ಚಿದವರು ಯಾರು? ಈ ಊರಿನ ಜನ ಅಲ್ಲಿ ಬಟ್ಲರ್, ಬಟ್ಟೆ ತೊಡಿಸುವ ಹುಡುಗ, ಕುದುರೆಯಾಳು ಎಂಬ ಕೆಲಸದ ಹೆಸರಲ್ಲಿ ಬಂದು ಹೋಗುತ್ತಾರೆ. ಅಲ್ಲಿ ಊರು ಇದೆ, ನೆರೆಹೊರೆ ಇಲ್ಲ. ಆ ಬರಹದ ದೊಡ್ಡ ಕೊರತೆ ಇದೇ.

ತಪ್ಪು ಒಬ್ಬ ಹುಡುಗನದಷ್ಟೇ ಅಲ್ಲ. 1809ರಲ್ಲಿ ಕಟ್ಟಿದ ದಂಡು ಪ್ರದೇಶ ಪೇಟೆಯಿಂದ ಬೇರೆಯಾಗಿಯೇ ಬೆಳೆಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಅರಸರಿಗೆ ಹಿಂತಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಒಂದು ಶತಮಾನಕ್ಕೂ ಮಿಕ್ಕಿ ಒಂದೇ ಊರಿನಲ್ಲಿ ಎರಡು ಬಗೆಯ ರಾತ್ರಿಗಳಿದ್ದವು.

ಇಂದು ಬ್ರಿಗೇಡ್ ರಸ್ತೆ, ಇಂದಿರಾನಗರ, ಕೋರಮಂಗಲಗಳ ರಾತ್ರಿ ಕಂಡು ‘ಪರದೇಶದವರು ಬಂದು ಊರು ಕೆಡಿಸಿದರು’ ಎನ್ನುವವರುಂಟು. ಅಲ್ಲಿ ಕುಡಿಯಲು ಕೂತವರಲ್ಲಿ ಹೆಚ್ಚಿನವರು ನಮ್ಮ ಮಕ್ಕಳೇ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಪರದೇಶದವರೆಲ್ಲರಿಗೂ ನಾವು ಒಂದೇ ಅಳತೆ ಹಿಡಿಯುತ್ತೇವೆಯೇ? ಅದೂ ಇಲ್ಲ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಅವಳಿಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಮೈಬಣ್ಣ ಒಂದೇ. ಬಿಳಿಯ ದೊರೆ ಸಾಲ ಉಳಿಸಿದರೆ ಕಥೆ. ಕಪ್ಪು ಹುಡುಗಿ ಏನೂ ಮಾಡದಿದ್ದರೂ ಶಿಕ್ಷೆ.

ಅದೇ ವರ್ಷದ ಕೊನೆಯ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಜನಜಂಗುಳಿಯಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳ ಪತ್ರಿಕೆಗಳಲ್ಲಿ ಬಂತು. ಅಂದಿನ ಗೃಹಸಚಿವ ಡಾ. ಜಿ. ಪರಮೇಶ್ವರ ಅವರು, ಯುವಜನರು ಮನೋಭಾವದಲ್ಲೂ ಉಡುಪಿನಲ್ಲೂ ಪಾಶ್ಚಾತ್ಯರನ್ನು ಅನುಕರಿಸುತ್ತಾರೆ ಎಂಬರ್ಥದ ಮಾತಾಡಿ ದೇಶದ ಟೀಕೆಗೆ ಗುರಿಯಾದರು. ತಮ್ಮ ಮಾತನ್ನು ತಿರುಚಲಾಗಿದೆ ಎಂದು ಅವರು ಆಮೇಲೆ ಹೇಳಿದರು. ಅವರು 2008ರಲ್ಲೂ 2018ರಲ್ಲೂ ನಮ್ಮ ಕೊರಟಗೆರೆಯಿಂದಲೇ ಗೆದ್ದವರು. ಆದ್ದರಿಂದ ಮತ ಹಾಕುವ ಊರಿನವಳಾಗಿ ಹೇಳುವ ಹಕ್ಕು ನನಗೂ ಇದೆ. ಕೈಮಾಡಿದವನನ್ನು ಬಿಟ್ಟು ಉಡುಪಿನ ಮಾತು ಎತ್ತುವುದು ನಮ್ಮ ಊರಿನ ಜಗಲಿಯ ಮೇಲೂ ದಿನಾ ನಡೆಯುತ್ತದೆ. ಅದು ಪರದೇಶದಿಂದ ಬಂದ ಚಾಳಿಯಲ್ಲ.

ರಾತ್ರಿ ನಮ್ಮ ಸೀಮೆಯ ಹೆಂಗಸರಿಗೆ ಹೊಸದೂ ಅಲ್ಲ. ಮೂಡಲಪಾಯದ ಆಟ ಬೆಳಗಿನವರೆಗೆ ನಡೆಯುವಾಗ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹಿಟ್ಟಿನ ಗಂಟು ಬಿಚ್ಚುತ್ತಾ ಕೂತ ನಮ್ಮ ಅವ್ವಂದಿರನ್ನು ‘ಈ ಹೊತ್ತಿನಲ್ಲಿ ಯಾಕೆ ಬಂದಿರಿ?’ ಎಂದು ಯಾರೂ ಕೇಳುತ್ತಿರಲಿಲ್ಲ. ಜೊತೆಗೆ ಊರಿತ್ತು, ಅದಕ್ಕೇ ಅಂಜಿಕೆ ಇರಲಿಲ್ಲ.

ನನ್ನ ತರಗತಿಯಲ್ಲಿ ಮಗ್ಗಿ ಹೇಳಿದ ಹುಡುಗಿಯರು ಇಂದು ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಾರೆ. ಮದ್ಯದಂಗಡಿ ಎಷ್ಟು ಗಂಟೆಗೆ ಮುಚ್ಚಬೇಕೆಂದು ದೊಡ್ಡವರು ಚರ್ಚೆ ಮಾಡಲಿ, ಬೇಡವೆನ್ನುವುದಿಲ್ಲ. ಆ ಹುಡುಗಿ, ಮತ್ತು ಅವಳ ಪಕ್ಕದಲ್ಲಿ ನಿಂತ ಆಫ್ರಿಕದ ಹುಡುಗಿ, ಇಬ್ಬರೂ ಸುಖವಾಗಿ ಕೋಣೆ ಸೇರಿದರೋ ಇಲ್ಲವೋ ಎಂಬುದೇ ಒಂದು ಊರಿನ ರಾತ್ರಿಯನ್ನು ತೂಗುವ ತಕ್ಕಡಿ.